ರಟ್ಟು

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದೆ, ಮೊಬೈಲ್ ರಿಪೇರಿಯವನ ಪಕ್ಕ
ಎಂಟಡಿ ಅಂಗಡಿ ನನ್ನದು. ಜೆರಾಕ್ಸು, ಲ್ಯಾಮಿನೇಷನ್ನು, ಬೈಂಡಿಂಗು.
ತೋಟಗಳಿಗೆ ಹೂಮಳೆ ಬಂದು ಹೋದ ಮೇಲೆ
ನನ್ನ ಬೆಳೆ ಶುರು:
ಪ್ರಾಜೆಕ್ಟು, ಪ್ರಬಂಧ, ಥೀಸಿಸ್ಸು.

ಖಾಸಗಿ ವಿಶ್ವವಿದ್ಯಾಲಯದವರಿಗೆ ಮರೂನ್ ರೆಕ್ಸಿನ್ನೇ ಆಗಬೇಕು,
ಬೆನ್ನಿಗೂ ಚಿನ್ನದಕ್ಷರ.
ಲಾಂಛನದ ಸಿಂಹಕ್ಕೆ ಎಷ್ಟು ಮಿಲಿಮೀಟರ್ ಬಾಲ ಎಂಬುದನ್ನೂ ಬರೆದ
ಆರು ಪುಟದ ಸೂಚನೆ ತರುತ್ತಾರೆ.
ಸರ್ಕಾರಿಯವರು ತರುವುದು ಒಂದೇ ಪ್ರಶ್ನೆ:
"ಕಮ್ಮೀದು ಯಾವ್ದಿದೆ?"

ನಾನು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಗ್ರೇಸು.
ಆದರೂ ಅಂಚು ಕತ್ತರಿಸುವಾಗ ಕಣ್ಣು ಸುಮ್ಮನಿರದು.
ಇಪ್ಪತ್ತೆರಡು ವರ್ಷ ಹೀಗೆ ನಿಂತೇ ಓದಿದ್ದೇನೆ,
ಕೆಲವೊಮ್ಮೆ ಕೊನೆಯ ಸಾಲು ಬ್ಲೇಡಿಗೆ ಹೋಗಿದೆ.

ಆ ವರ್ಷ ಒಂದೇ ಮಧ್ಯಾಹ್ನ ಇಬ್ಬರು.
ಲಿಪಿಕಾ ನಂಜಪ್ಪ: ಕರಿಮೆಣಸಿನ ಸೊರಗು ರೋಗ, ಇನ್ನೂರ ಹತ್ತು ಪುಟ.
ಅವಳ ಫೀಸಿಗೆ ಅಪ್ಪ ಆ ಮೆಣಸನ್ನು ಬಳ್ಳಿಯಲ್ಲೇ ಮಾರಿದ್ದರಂತೆ.
ನಗುತ್ತ ಹೇಳಿದಳು, ಅಷ್ಟೇನೂ ನಗುವ ಮಾತಲ್ಲ.
"ಲ್ಯಾಬಿಗೆ ಏಸಿ ಇದೆ ಅಂಕಲ್. ಮೇಷ್ಟ್ರು ಮಾತ್ರ
ನವೆಂಬರಿಗೊಬ್ಬರು, ಜನವರಿಗೊಬ್ಬರು."

ಕರ್ಪ, ತಿತಿಮತಿ ಕಡೆಯ ಹಾಡಿಯವನು.
ಜೇನು ಕಟ್ಟುವ ಮರಕ್ಕೆ, ಒಮ್ಮೆ ಕಟ್ಟಿ ಬಿಟ್ಟ ಮರಕ್ಕೆ
ಅವರ ಯರವ ಮಾತಿನಲ್ಲಿರುವ ಬೇರೆ ಬೇರೆ ಹೆಸರು, ನೂರ ನಲವತ್ತು ಪುಟ.
ಅವನ ವಿಭಾಗದಲ್ಲಿ ಪ್ರಾಧ್ಯಾಪಕರ ಹುದ್ದೆ ಖಾಲಿ.
ತಿದ್ದಿಕೊಟ್ಟವರು ಐದು ತಿಂಗಳ ಸಂಬಳ ಬರಬೇಕಿದ್ದ ಅತಿಥಿ ಉಪನ್ಯಾಸಕಿ,
ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ, ಐದೂ ಮುಕ್ಕಾಲಿನ ಬಸ್ಸು ಬರುವತನಕ.
ನಾನೇ ನೋಡಿದ್ದೇನೆ. ಕೆಂಪು ಪೆನ್ನು ಮುಗಿದು
ನನ್ನಲ್ಲೇ ಬಂದು ಹಸಿರು ಕೊಂಡರು.

ಕರೆಂಟು ಹೋಯಿತು, ಬಂತು, ಹೋಯಿತು.
ಆ ತರಾತುರಿಯಲ್ಲಿ ಅಚ್ಚು ತಪ್ಪಿ
ಕರ್ಪನ ನೀಲಿ ರಟ್ಟಿನ ಮೇಲೆ ಖಾಸಗಿಯ ಸಿಂಹ ಕೂತಿತ್ತು.

ಅವನು ಅದನ್ನು ಕೈ ಚಾಚಿ ದೂರ ಹಿಡಿದು ನೋಡಿದ.
"ಇದಿದ್ರೆ ಕೆಲಸ ಸಿಗುತ್ತಾ ಅಣ್ಣಾ?"
ಲಿಪಿಕಾ ಈ ಸಲ ನಗಲಿಲ್ಲ.
"ಸಿಂಹ ನೋಡಿದ ಕೂಡಲೇ ದುಡ್ಡು ಕೊಟ್ಟು ಪಾಸಾದವಳು ಅಂತಾರೆ.
ನಿಮ್ದಾದ್ರೆ ಒಳಗೇನಿದೆ ಅಂತ ತೆಗೆದಾದ್ರೂ ನೋಡ್ತಾರೆ."
"ನಮ್ದು ತೆಗೆಯೋದೇ ಇಲ್ಲ," ಅಂದ ಕರ್ಪ.

ಸ್ಪಿರಿಟ್ಟಿನಲ್ಲಿ ಉಜ್ಜಿದೆ. ಚಿನ್ನ ಹೋಯಿತು, ತಗ್ಗು ಹೋಗಲಿಲ್ಲ.
ಮೇಲೆ ಸರಿಯಾದ ಹೆಸರು ಒತ್ತಿದೆ; ಕೆಳಗಿಂದ ಸಿಂಹದ ಬಾಲ ಇಣುಕಿತು.
ಕೊನೆಗೆ ನನ್ನ ಖರ್ಚಿಗೆ ಹೊಸ ರಟ್ಟು.
ಕೆಟ್ಟದ್ದು ಎಸೆಯಲು ಮನಸ್ಸಾಗದೆ
ಉದ್ರಿ ಲೆಕ್ಕದ ಪುಸ್ತಕಕ್ಕೆ ಕಟ್ಟಿಕೊಂಡೆ.

ಈಗ ಮಗಳು ಜುಮೈಲಾ ಕೌಂಟರಿನ ಮೇಲೆ ಎರಡು ಅರ್ಜಿ ಹರಡಿ ಕೂತಿದ್ದಾಳೆ.
ಒಂದರ ಫೀಸಿಗೆ ಈ ಅಂಗಡಿಯನ್ನೇ ಮೂರು ಸಲ ಮಾರಬೇಕು.
ಇನ್ನೊಂದಕ್ಕೆ ಸಾಲ ಬೇಡ, ತಾಳ್ಮೆ ಬೇಕು.
"ಯಾವ್ದು ಉಪ್ಪಾ?"
ಗೋಂದು ಎರಡಕ್ಕೂ ಒಂದೇ ಮೋಳೇ, ಮೈದಾ ಮತ್ತು ಮೈಲುತುತ್ತ,
ಅಂತ ಹೇಳಹೊರಟು ಬಾಯಿ ಮುಚ್ಚಿಕೊಂಡೆ.
ಅದು ಕಟ್ಟಿಕೊಡುವವನ ಮಾತು.
ಹೊತ್ತು ತಿರುಗುವವರಿಗೆ ಒಂದೇ ಅಲ್ಲ.

ಅವಳು ಲೆಕ್ಕದ ಪುಸ್ತಕ ಎತ್ತಿ ಓರೆ ಬಿಸಿಲಿಗೆ ಹಿಡಿದಳು.
ಎರಡೂ ಹೆಸರು ಕಂಡಿರಬೇಕು, ಹುಬ್ಬು ಗಂಟಾಯಿತು.
ಪುಟ ತಿರುವಿದಳು.
ಲಿಪಿಕಾ, ಬಾಕಿ ೩೨೦.
ಕರ್ಪ, ಬಾಕಿ ೧೮೦, ಸ್ಕಾಲರ್‌ಶಿಪ್ ಬಂದ ಮೇಲೆ.
ಮೇಡಂ, ಹಸಿರು ಪೆನ್ನು ಒಂದು, ೧೦.

"ಈ ಮೇಡಂ ಈಗ್ಲೂ ಅಲ್ಲೇ ಪಾಠ ಮಾಡ್ತಾರಾ?"

ಗೊತ್ತಿಲ್ಲ, ಅಂದೆ.
ಐದೂ ಮುಕ್ಕಾಲಿನ ಬಸ್ಸು ಬರಲಿ, ನೋಡೋಣ.